ಬಿಸಿಯಾದಾಗ ಬಲಕ್ಕೆ ಎಳೆಯುವ ಸ್ಟೀರಿಂಗ್: ಹಳೆಯ ಹೈಬ್ರಿಡ್ ಕಾರೊಂದರ ಪ್ರಕರಣ

ಕಾರು ಹದಿಮೂರು ವರ್ಷ ಹಳೆಯದು. ಪೆಟ್ರೋಲ್ ಹೈಬ್ರಿಡ್, ಅಂದರೆ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಎಲೆಕ್ಟ್ರಿಕ್ ಮೋಟರೂ ಇರುವ ಗಾಡಿ. ಫ್ರಂಟ್ ವೀಲ್ ಡ್ರೈವ್. ಪವರ್ ಸ್ಟೀರಿಂಗ್ ಎಲೆಕ್ಟ್ರಿಕ್. ಅದರ ಮೋಟರ್ ಡ್ಯಾಶ್‌ಬೋರ್ಡ್ ಒಳಗೆ, ಸ್ಟೀರಿಂಗ್ ಚಕ್ರವನ್ನು ಹೊತ್ತ ಕಂಬದ, ಅಂದರೆ ಸ್ಟೀರಿಂಗ್ ಕಾಲಮ್‌ನ ಮೇಲೇ ಕೂತಿದೆ. ಕಂಪನಿ, ಮಾಡೆಲ್ ಹೆಸರು ಇಲ್ಲಿ ಬೇಡ. ಈ ಜೋಡಣೆ ಎಷ್ಟೋ ಕಂಪನಿಗಳ ಕಾರುಗಳಲ್ಲಿದೆ, ಈ ಕಾಯಿಲೆ ಅವುಗಳಲ್ಲಿ ಯಾವುದಕ್ಕೂ ಬರಬಹುದು.

ನಮ್ಮ ಕೈಗೆ ಬರುವ ಹೊತ್ತಿಗೆ ಅದಕ್ಕೆ ಮುಂದಿನ ಎರಡು ಟೈರ್, ಒಂದು ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು), 12 ವೋಲ್ಟ್ ಬ್ಯಾಟರಿ ಎಲ್ಲ ಹೊಸದಾಗಿ ಬಿದ್ದಿದ್ದವು. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಒಂದಕ್ಕಿಂತ ಹೆಚ್ಚು ಕಡೆ ಆಗಿತ್ತು. ಪ್ರತಿ ಸಲವೂ "ಈಗ ಸರಿಹೋಯ್ತು" ಅಂದುಕೊಂಡು ಒಂದಷ್ಟು ದಿನ ಓಡಿಸುವುದು, ಆಮೇಲೆ ಮತ್ತೆ ಅದೇ ಕಥೆ. ಮೊದಲು ತಿಂಗಳಿಗೊಮ್ಮೆ ಕಾಣಿಸುತ್ತಿದ್ದದ್ದು ಆಮೇಲೆ ವಾರಕ್ಕೊಮ್ಮೆ, ಕೊನೆಗೆ ದೂರ ಹೋದಾಗಲೆಲ್ಲ. ಹಳದಿ ಪವರ್ ಸ್ಟೀರಿಂಗ್ ದೀಪ ಹತ್ತಿದ್ದು ಈ ಕೊನೆಯ ಹಂತದಲ್ಲಿ ಮಾತ್ರ.

ಈ ಪ್ರಕರಣ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ದೋಷ ಅಪರೂಪದ್ದು ಅಂತ ಅಲ್ಲ. ಅದನ್ನು ಹಿಡಿಯಲು ಬೇಕಾದ ಸಾಕ್ಷಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದಿನ ರಿಪೇರಿಗಳಲ್ಲೇ ಇತ್ತು. ಟೈರ್ ಬದಲಿಸಿದ್ದು, ಅಲೈನ್‌ಮೆಂಟ್ ಮಾಡಿಸಿದ್ದು, ಬ್ಯಾಟರಿ ಹಾಕಿಸಿದ್ದು ಎಲ್ಲವೂ ಒಂದೊಂದು ಪರೀಕ್ಷೆಯೇ. ಪರೀಕ್ಷೆ ನಡೆದಿತ್ತು, ಉತ್ತರವೂ ಬಂದಿತ್ತು. ಬಿಲ್ ಆದ ಮೇಲೆ ಆ ಉತ್ತರ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಮಾಲೀಕರು ಹೇಳಿದ್ದು

ಕಾರಿನ ಮಾಲೀಕರು ದಿನಾ ದೂರ ಓಡಾಡುವ ಹೆಂಗಸು. ಯಂತ್ರದ ಭಾಷೆ ಅವರಿಗೆ ಗೊತ್ತಿಲ್ಲ. ಆದರೆ ಗಮನಿಸುವ ಕಣ್ಣಿದೆ, ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಡುವ ಅಭ್ಯಾಸವೂ ಇದೆ. ಇಂಥ ಗಿರಾಕಿ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

"ಯಾರೋ ಪಕ್ಕದ ಸೀಟಲ್ಲಿ ಕೂತು ಸ್ಟೀರಿಂಗನ್ನ ಒಂದು ಬೆರಳಲ್ಲಿ ಮೆಲ್ಲಗೆ ಎಳೀತಾ ಇದ್ದ ಹಾಗೆ ಆಗುತ್ತೆ ಸರ್" ಅಂದರು.

"ಯಾವ ಕಡೆಗೆ ಮೇಡಂ?"

"ಯಾವಾಗ್ಲೂ ಬಲಕ್ಕೇ."

"ಕಾರು ಹೊರಟ ತಕ್ಷಣಾನಾ?"

"ಇಲ್ಲ. ಬೆಳಿಗ್ಗೆ ಹೊರಡುವಾಗ ಚೆನ್ನಾಗೇ ಇರುತ್ತೆ. ಒಂದು ಮುಕ್ಕಾಲು ಗಂಟೆ ಓಡಿದ ಮೇಲೆ ಶುರು. ಬಿಸಿಲಲ್ಲಿ ನಿಲ್ಲಿಸಿದ್ರೆ ಬೇಗ ಬರುತ್ತೆ."

ಆಮೇಲೆ ಅವರು ಅಷ್ಟೇನೂ ಮುಖ್ಯ ಅಲ್ಲ ಅನ್ನುವ ಹಾಗೆ ಇನ್ನೊಂದು ಮಾತು ಸೇರಿಸಿದರು. ದೂರ ಓಡಿಸಿ ಬಂದು ಕಾರು ನಿಲ್ಲಿಸುವಾಗ ಬಲಕ್ಕೆ ತಿರುಗಿಸೋದು ಹಗುರ, ಎಡಕ್ಕೆ ತಿರುಗಿಸೋದು ಭಾರ. ಹಿಂದಿನ ಗ್ಯಾರೇಜಿನಲ್ಲಿ ಇದನ್ನು ಹೇಳಿದ್ದಕ್ಕೆ "ಹಳೇ ಗಾಡಿ ಅಲ್ವಾ ಮೇಡಂ" ಅಂದಿದ್ದರಂತೆ.

ನನಗೆ ಇಡೀ ಮಾತುಕತೆಯಲ್ಲಿ ಅತಿ ಬೆಲೆಯುಳ್ಳದ್ದು ಈ ಕೊನೆಯ ಮಾತೇ. ಟೈರು ಎಳೆದರೆ, ಅಲೈನ್‌ಮೆಂಟ್ ಕೆಟ್ಟಿದ್ದರೆ ಗಾಡಿ ಓಡುವಾಗ ಪಕ್ಕಕ್ಕೆ ಹೋಗುತ್ತದೆ. ನಿಂತ ಗಾಡಿಯಲ್ಲಿ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರ ಆಗುವುದಿಲ್ಲ. ಬ್ಯಾಟರಿ ಸೊರಗಿದ್ದರೆ ಎರಡೂ ಕಡೆ ಒಂದೇ ಸಮ ಭಾರವಾಗಬೇಕು. ಬರೀ ಒಂದು ಕಡೆ, ಅದೂ ಬಿಸಿಯಾದ ಮೇಲೆ ಅಂದರೆ ಹುಡುಕಬೇಕಾದ ಜಾಗ ಬಹಳ ಚಿಕ್ಕದಾಗಿಬಿಡುತ್ತದೆ.

ಈ ಸ್ಟೀರಿಂಗ್ ಕೆಲಸ ಮಾಡುವ ರೀತಿ

ಹೈಬ್ರಿಡ್‌ನಲ್ಲಿ ಎಂಜಿನ್ ಬೇಕೆಂದಾಗ ಓಡುತ್ತದೆ, ಬೇಡವಾದಾಗ ನಿಲ್ಲುತ್ತದೆ. ಎಂಜಿನ್ ಬೆಲ್ಟಿನಿಂದ ಓಡುವ ಹಳೆಯ ಕಾಲದ ಆಯಿಲ್ ಪಂಪ್ ಇದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಪವರ್ ಸ್ಟೀರಿಂಗ್ ಕೂಡ ನಿಂತುಹೋಗುತ್ತಿತ್ತು. ಅದಕ್ಕೇ ಹೈಬ್ರಿಡ್‌ಗಳು ಎಲೆಕ್ಟ್ರಿಕ್ ಪವರ್ ಸ್ಟೀರಿಂಗನ್ನು ನೆಚ್ಚಿಕೊಂಡವು. ತಂತ್ರ ಹೊಸದೇನಲ್ಲ. ಕಾಲಮ್ ಮೇಲೆ ಮೋಟರ್ ಕೂರಿಸುವ ಈ ಪದ್ಧತಿ 1988ರಲ್ಲೇ ಸುಜುಕಿಯ ಸೆರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂದಿತ್ತು.

ಸ್ಟೀರಿಂಗ್ ಚಕ್ರಕ್ಕೂ, ಮುಂದಿನ ಚಕ್ರಗಳನ್ನು ಎಡಬಲ ತಿರುಗಿಸುವ ಕೆಳಗಿನ ರ್‍ಯಾಕ್‌ಗೂ ನಡುವೆ, ಕಾಲಮ್ ಒಳಗೆ, ಒಂದು ತೆಳುವಾದ ಉಕ್ಕಿನ ಸರಳು ಇದೆ. ಟಾರ್ಷನ್ ಬಾರ್ ಅನ್ನುತ್ತಾರೆ. ನೀವು ಚಕ್ರ ತಿರುಗಿಸಿದಾಗ ನೆಲದ ಮೇಲಿನ ಟೈರು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಈ ಸರಳು ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಟಾರ್ಕ್ ಸೆನ್ಸರ್ ಅಳೆಯುತ್ತದೆ. ಬಲಕ್ಕೆ ಎಷ್ಟು, ಎಡಕ್ಕೆ ಎಷ್ಟು ಅನ್ನುವುದು ವೋಲ್ಟೇಜ್ ಆಗಿ ಸ್ಟೀರಿಂಗ್ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರ್ ಗಾಡಿಯ ವೇಗವನ್ನೂ ನೋಡಿ ಮೋಟರಿಗೆ ಕರೆಂಟ್ ಬಿಡುತ್ತದೆ. ಈ ಕಾರಿನಲ್ಲಿ ಯಾರೂ ಚಕ್ರ ಮುಟ್ಟದಿದ್ದಾಗ ಸೆನ್ಸರ್ 2.5 ವೋಲ್ಟ್ ಆಸುಪಾಸು ತೋರಿಸಬೇಕು. ಬಲಕ್ಕೆ ಒತ್ತಿದರೆ ಮೇಲೆ, ಎಡಕ್ಕೆ ಒತ್ತಿದರೆ ಕೆಳಗೆ. ಸೆನ್ಸರಿಗೆ ಎರಡು ಪ್ರತ್ಯೇಕ ಔಟ್‌ಪುಟ್ ಇವೆ, ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿಯಲಿ ಅಂತ.

ಈಗ ಸೆನ್ಸರ್ ತಪ್ಪಾಗಿ "ಡ್ರೈವರ್ ಬಲಕ್ಕೆ ತಿರುಗಿಸ್ತಾ ಇದ್ದಾರೆ" ಅಂದಿತು ಅನ್ನಿ. ಮೋಟರ್ ಬಲಕ್ಕೆ ನೂಕುತ್ತದೆ. ಡ್ರೈವರ್ ನೇರ ಹೋಗಬೇಕಾದರೆ ಎಡಕ್ಕೆ ಹಿಡಿದುಕೊಂಡೇ ಇರಬೇಕು. ನಿಲ್ಲಿಸುವಾಗ ಬಲಕ್ಕೆ ಮೋಟರ್ ಸಹಾಯ ಜಾಸ್ತಿ, ಎಡಕ್ಕೆ ಕಡಿಮೆ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದೇ.

ಮೆಲ್ಲಗೆ ಹೆಚ್ಚುತ್ತಾ ಬಂದದ್ದಕ್ಕೂ ಇಲ್ಲೇ ಕಾರಣವಿದೆ. ಸೊನ್ನೆಯ, ಅಂದರೆ ಆ 2.5 ವೋಲ್ಟಿನ, ಎರಡೂ ಪಕ್ಕ ಒಂದು ಸಣ್ಣ ಅಂತರದಲ್ಲಿ ಕಂಪ್ಯೂಟರ್ ಸುಮ್ನೆ ಇರುತ್ತದೆ, ಸಹಾಯ ಕೊಡುವುದಿಲ್ಲ. ಇಲ್ಲದಿದ್ದರೆ ರಸ್ತೆಯ ಪ್ರತಿ ಕುಲುಕಿಗೂ ಮೋಟರ್ ಅಲುಗುತ್ತಿತ್ತು. ಸೆನ್ಸರ್ ಒಂಚೂರು ಸರಿದಾಗ ಆ ಅಂತರದೊಳಗೇ ಮುಚ್ಚಿಹೋಗುತ್ತದೆ, ಡ್ರೈವರಿಗೆ ಏನೂ ತಿಳಿಯುವುದಿಲ್ಲ. ಅದು ದಾಟಿದ ದಿನದಿಂದ ಎಳೆತ ಶುರು. ದೀಪ ಹತ್ತುವುದು ಇನ್ನೂ ತಡ, ಯಾಕೆಂದರೆ ಎರಡು ಔಟ್‌ಪುಟ್‌ಗಳ ನಡುವಿನ ವ್ಯತ್ಯಾಸ ಕಂಪನಿ ನಿಗದಿ ಮಾಡಿದ ಮಿತಿ ದಾಟಿ ಅಲ್ಲೇ ಒಂದಷ್ಟು ಹೊತ್ತು ನಿಲ್ಲಬೇಕು. ಹಾಗಾಗಿ ಕೈಗೆ ತೊಂದರೆ ಗೊತ್ತಾಗುವುದಕ್ಕೂ ಕಂಪ್ಯೂಟರಿಗೆ ಗೊತ್ತಾಗುವುದಕ್ಕೂ ನಡುವೆ ತಿಂಗಳುಗಳೇ ಕಳೆಯಬಹುದು. ಆ ತಿಂಗಳುಗಳಲ್ಲೇ ಈ ಕಾರಿಗೆ ಟೈರು, ಟೈ ರಾಡು ಎಲ್ಲ ಬಿದ್ದದ್ದು.

ಹಳೆಯ ಬಿಲ್ಲುಗಳು

ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಹಿಂದಿನ ಕೆಲಸದ ಕಾಗದಗಳೆಲ್ಲ ಮಡಚಿಟ್ಟಿದ್ದವು. ಕಾರಿನ ಕಂಪ್ಯೂಟರುಗಳನ್ನು ಓದುವ ಸ್ಕ್ಯಾನರ್ ಹಾಕುವ ಮೊದಲು ಅವನ್ನು ಬೆಂಚಿನ ಮೇಲೆ ಹರಡಿ, ತಾರೀಖಿನ ಪ್ರಕಾರ ಜೋಡಿಸಿ ಕೂತೆವು.

ಮೊದಲ ಬಿಲ್ಲಿನಲ್ಲಿ ಮುಂದಿನ ಎರಡು ಟೈರುಗಳನ್ನು ಎಡಬಲ ಅದಲು ಬದಲು ಮಾಡಿದ್ದಾಗಿ ಬರೆದಿತ್ತು. ಒಳ್ಳೆಯ ಪರೀಕ್ಷೆ. ಟೈರಿನೊಳಗಿನ ಪದರ ಓರೆಯಾಗಿದ್ದರೆ ಎಳೆತ ಟೈರಿನ ಜೊತೆಗೇ ಆ ಕಡೆಗೆ ಹೋಗುತ್ತದೆ. ಇಲ್ಲಿ ಅದಲು ಬದಲು ಮಾಡಿದ ಮೇಲೂ ಎಳೆತ ಬಲಕ್ಕೇ ಇತ್ತು ಅಂತ ಮಾಲೀಕರ ನೋಟ್‌ಬುಕ್ಕಿನಲ್ಲಿದೆ. ಟೈರು ಅಲ್ಲ ಅಂತ ಅಲ್ಲಿಗೆ ಗೊತ್ತಾಗಬೇಕಿತ್ತು. ಮುಂದಿನ ಬಿಲ್ಲು ಎರಡು ಹೊಸ ಟೈರಿನದ್ದು.

ನಂತರದ್ದು ಅಲೈನ್‌ಮೆಂಟ್ ಚೀಟಿ. ಮೆಷಿನ್ ಮುದ್ರಿಸುವ ಅದೇ ಎರಡು ಕಾಲಮ್: ಕೆಲಸಕ್ಕೆ ಮೊದಲು, ಕೆಲಸದ ನಂತರ. ಮೊದಲಿನ ಕಾಲಮ್ಮಿನಲ್ಲಿ ಮುಂದಿನ ಎಡ ಚಕ್ರದ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ (ಮೈನಸ್) ಹೊರಕ್ಕೋ (ಪ್ಲಸ್) ವಾಲಿದ ಕೋನ, ಮೈನಸ್ 20 ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್), ಬಲದ್ದು ಮೈನಸ್ 30 ಮಿನಿಟ್. ಎಲ್ಲ ಹಸಿರು, ಎಲ್ಲ ಮಿತಿಯೊಳಗೆ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಅದೂ ಸರಿ. ಅಂದರೆ ಅಲೈನ್‌ಮೆಂಟ್ ಸರಿಯಿದ್ದೂ ಗಾಡಿ ಎಳೆಯುತ್ತಿದೆ ಅಂತ ಆ ಚೀಟಿಯೇ ಹೇಳಿತ್ತು.

ನಂತರದ ಕಾಲಮ್ ನೋಡಿದರೆ ಎಡದ ಕ್ಯಾಂಬರ್ ಪ್ಲಸ್ 15, ಬಲದ್ದು ಮೈನಸ್ 35. ವ್ಯತ್ಯಾಸ 50 ಮಿನಿಟ್. ಗಾಡಿ ಯಾವಾಗಲೂ ಕ್ಯಾಂಬರ್ ಪ್ಲಸ್ ಜಾಸ್ತಿ ಇರುವ ಕಡೆಗೆ ವಾಲುತ್ತದೆ. ಬಲಕ್ಕೆ ಎಳೆಯುತ್ತಿದ್ದ ಗಾಡಿಯನ್ನು ಯಾರೋ ಬುದ್ಧಿವಂತರು ಬೇಕೆಂದೇ ಎಡಕ್ಕೆ ವಾಲಿಸಿ ಲೆಕ್ಕ ಸರಿದೂಗಿಸಿದ್ದರು. ಕೈಚಳಕ ಮೆಚ್ಚಬೇಕಾದ್ದೇ. ಆದರೆ ಅದರಿಂದ ಕಾರಿನಲ್ಲಿ ಈಗ ಒಂದು ದೋಷ ಇದ್ದ ಕಡೆ ಎರಡಾದವು. ಬೆಳಿಗ್ಗೆ ತಣ್ಣಗಿರುವಾಗ ಸ್ವಲ್ಪ ಎಡಕ್ಕೆ, ಬಿಸಿಯಾದ ಮೇಲೆ ಬಲಕ್ಕೆ. ನೋಟ್‌ಬುಕ್ಕಿನಲ್ಲೂ ಆ ತಾರೀಖಿನ ನಂತರ "ಬೆಳಿಗ್ಗೆ ಸ್ವಲ್ಪ ಎಡಕ್ಕೆ?" ಅಂತ ಪ್ರಶ್ನಾರ್ಥಕ ಹಾಕಿ ಬರೆದಿದ್ದರು.

ಕೊನೆಯದು ಬ್ಯಾಟರಿ ಬಿಲ್ಲು. ಹಳೆಯ ಬ್ಯಾಟರಿ ಒಂದು ರಾತ್ರಿ ನಿಂತ ಮೇಲೆ 11.9 ವೋಲ್ಟಿಗೆ ಇಳಿದಿತ್ತು ಅಂತ ಅದರಲ್ಲಿದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರಷ್ಟು ತೋರಿಸಬೇಕು. ಹಾಗಾಗಿ ಬ್ಯಾಟರಿ ನಿಜವಾಗಿಯೂ ಸತ್ತಿತ್ತು, ಬದಲಿಸಿದ್ದು ಸರಿಯೇ. ಹೊಸದು ಹಾಕಿದ ಮೇಲೆ ಸ್ಟೀರಿಂಗ್ ದೀಪ ಆರಿತ್ತು, ಕೆಲ ವಾರ ಮತ್ತೆ ಹತ್ತಿರಲಿಲ್ಲ. ಎಲ್ಲರೂ "ಬ್ಯಾಟರಿಯದ್ದೇ" ಅಂತ ನಂಬಿದ್ದು ಆಗ. ಆದರೆ ಅದೇ ವಾರಗಳಲ್ಲಿ ನೋಟ್‌ಬುಕ್ಕಿನಲ್ಲಿ "ಬಲಕ್ಕೆ" ಅನ್ನುವ ಪದ ಮೊದಲಿನಷ್ಟೇ ಇದೆ. ಹೋದದ್ದು ದೀಪ ಮಾತ್ರ. ಬ್ಯಾಟರಿ ಕಳಚಿದಾಗ ಕಂಪ್ಯೂಟರ್ ಹೊಸದಾಗಿ ಎಣಿಸಲು ಶುರು ಮಾಡಿತ್ತು, ಅಷ್ಟೇ.

ಹೈಬ್ರಿಡ್‌ನಲ್ಲಿ ಬ್ಯಾಟರಿಯ ಮೇಲೆ ಅನುಮಾನ ಬರುವುದು ಸಹಜವೇ. ಸಾಮಾನ್ಯ ಕಾರಿನಲ್ಲಿ ಬ್ಯಾಟರಿ ಸೊರಗಿದರೆ ಸ್ಟಾರ್ಟ್ ಮಾಡುವಾಗಲೇ ಎಂಜಿನ್ ನಿಧಾನಕ್ಕೆ ಸುತ್ತುತ್ತದೆ, ಕಿವಿಗೇ ಕೇಳಿಸುತ್ತದೆ. ಈ ಹೈಬ್ರಿಡ್‌ನಲ್ಲಿ ಎಂಜಿನ್ ಸುತ್ತಿಸುವುದು ದೊಡ್ಡ ಬ್ಯಾಟರಿ. 12 ವೋಲ್ಟಿನದ್ದು ಕಂಪ್ಯೂಟರುಗಳನ್ನು ಎಬ್ಬಿಸುತ್ತದೆ, ಅಷ್ಟಾದರೆ ಅದರ ಪಾಡಿಗೆ ಅದು. ಆಮೇಲೆ ಆಲ್ಟರ್ನೇಟರ್ ಬದಲು ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ 12 ವೋಲ್ಟಿನ ಸಾಲಿಗೆ ಕರೆಂಟ್ ಕೊಡುತ್ತದೆ. ಹಾಗಾಗಿ ಸಣ್ಣ ಬ್ಯಾಟರಿ ಎಷ್ಟೋ ಕಾಲ ಸದ್ದಿಲ್ಲದೆ ಸಾಯಬಹುದು. ಮತ್ತೆ, 12 ವೋಲ್ಟಿನ ಸಾಲಿನಲ್ಲಿ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆಯುವವರಲ್ಲಿ ಪವರ್ ಸ್ಟೀರಿಂಗ್ ಮುಂಚೂಣಿಯಲ್ಲಿದೆ. ನಿಂತ ಗಾಡಿಯಲ್ಲಿ ಚಕ್ರ ಪೂರ್ತಿ ತಿರುಗಿಸಿದರೆ ಹತ್ತಾರು ಆಂಪಿಯರ್. ವೋಲ್ಟೇಜ್ ಕುಸಿದರೆ ಮೊದಲು ಗೊಣಗುವುದು ಅದೇ.

ಕೋಡ್ ಓದಿದಾಗ

ಮಾಲೀಕರ ಬಳಿ ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಕೋಡ್ ಓದುವ, ಫೋನಿಗೆ ಜೋಡಿಸುವ ಸಣ್ಣ ರೀಡರ್ ಇತ್ತು. ದೀಪ ಹತ್ತಿದ್ದಾಗಲೂ ಅದು "ಕೋಡ್ ಇಲ್ಲ" ಅಂದಿತ್ತು. ಅದರ ತಪ್ಪೇನಿಲ್ಲ. ಅಂಥವು ಸಾಮಾನ್ಯವಾಗಿ ಎಂಜಿನ್ ಕಡೆಯ, ಪಿ ಅಕ್ಷರದ ಕೋಡ್‌ಗಳನ್ನಷ್ಟೇ ಓದುತ್ತವೆ. ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್ ಕೋಡ್‌ಗಳು ಸಿ ಅಕ್ಷರದವು. ಅದರಲ್ಲೂ ಸಿ ಆದ ಮೇಲೆ 1 ಇದ್ದರೆ ಆ ಕೋಡಿನ ಅರ್ಥ ಆಯಾ ಕಂಪನಿಯದ್ದೇ. ಸ್ಟೀರಿಂಗ್ ಕಂಪ್ಯೂಟರಿನ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಬೇಕು.

ನಮ್ಮ ಸ್ಕ್ಯಾನರಿಗೆ ಎರಡು ಕೋಡ್ ಸಿಕ್ಕವು. ಒಂದು ವೋಲ್ಟೇಜ್ ಕಡಿಮೆ ಅಂತ, ಹಳೆಯದು. ಇನ್ನೊಂದು ಟಾರ್ಕ್ ಸೆನ್ಸರಿನ ಎರಡು ಔಟ್‌ಪುಟ್ ನಡುವೆ ಹೊಂದಾಣಿಕೆ ಇಲ್ಲ ಅಂತ, ಹೊಸದು. ಇಷ್ಟಕ್ಕೇ ಸೆನ್ಸರ್ ಬದಲಿಸಬಹುದಿತ್ತು. ಹಾಗೆ ಮಾಡಲಿಲ್ಲ. ಕೋಡ್ ಹೇಳುವುದು ಎರಡು ವೋಲ್ಟೇಜ್ ಬೇರೆ ಬೇರೆ ಬಂದಿವೆ ಅಂತ. ಸೆನ್ಸರ್ ಕೆಟ್ಟಿದೆಯೋ, ವೈರಿಂಗೋ, ಕನೆಕ್ಟರಿನ ಪಿನ್ ಸಡಿಲವೋ, ಅರ್ಥಿಂಗ್ ಕೆಟ್ಟಿದೆಯೋ ಅದು ಹೇಳುವುದಿಲ್ಲ. ಈ ಕಾರಿನಲ್ಲಿ ಸೆನ್ಸರ್ ಬಿಡಿಯಾಗಿ ಸಿಗುವುದೂ ಇಲ್ಲ, ಇಡೀ ಕಾಲಮ್ ತರಿಸಬೇಕು. ಅಷ್ಟು ದೊಡ್ಡ ಭಾಗ ಬಿಚ್ಚಿ ಹಾಕಿದ ಮೇಲೆ "ಅದಲ್ಲ" ಅಂತಾದರೆ ಮಾಲೀಕರಿಗೆ ಮುಖ ತೋರಿಸುವುದು ಕಷ್ಟ.

ಕರೆಂಟಿನ ಕಡೆಯ ಪರೀಕ್ಷೆ ಬೇಗ ಮುಗಿಯಿತು. ಗಾಡಿ ರೆಡಿ ಸ್ಥಿತಿಯಲ್ಲಿ, ಅಂದರೆ ಆನ್ ಆಗಿ ಹೊರಡಲು ಸಿದ್ಧವಾಗಿದ್ದಾಗ ಬ್ಯಾಟರಿಯಲ್ಲಿ 14.1 ವೋಲ್ಟ್. ಚಕ್ರ ಪೂರ್ತಿ ತಿರುಗಿಸಿದಾಗ 13.5. ಸ್ಟೀರಿಂಗ್ ಕಂಪ್ಯೂಟರಿನ ಅರ್ಥಿಂಗ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಆ ಹೊತ್ತಿನಲ್ಲಿ 0.1 ವೋಲ್ಟೂ ಇರಲಿಲ್ಲ. ಕರೆಂಟ್ ಚೆನ್ನಾಗಿ ಬರುತ್ತಿದೆ, ಚೆನ್ನಾಗಿ ವಾಪಸ್ ಹೋಗುತ್ತಿದೆ.

ಕೆಳಗಿನ ಭಾಗಗಳನ್ನು ಕೈಯಾಡಿಸಿ ನೋಡಲೇಬೇಕು, ಸ್ಟೀರಿಂಗ್ ವಿಷಯದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ರ್‍ಯಾಕ್ ಬುಷ್‌ನಲ್ಲಿ ಆಟ ಇರಲಿಲ್ಲ. ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಕಂಬದ (ಸ್ಟ್ರಟ್) ಮೇಲಿನ ಬೇರಿಂಗ್ ಹಿಡಿದುಕೊಂಡರೆ ತಿರುವಿನ ನಂತರ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ, ಕೊನೆಗೆ ತಿರುಗಿಸಿದ ಕಡೆಗೇ ಗಾಡಿ ಹೋಗುತ್ತಿರುತ್ತದೆ. ಆದರೆ ಆಗ ಎಳೆತ ಒಮ್ಮೆ ಎಡ, ಒಮ್ಮೆ ಬಲ ಆಗಬೇಕು, ಇಲ್ಲಿ ಹಾಗಿಲ್ಲ. ಕಾಲಮ್‌ನಿಂದ ರ್‍ಯಾಕ್‌ಗೆ ಹೋಗುವ ಇಂಟರ್‌ಮೀಡಿಯೆಟ್ ಶಾಫ್ಟಿನ ಜಾಯಿಂಟ್ ತುಕ್ಕು ಹಿಡಿದರೆ ಚಕ್ರದ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ ಸಿಗುತ್ತದೆ. ಅದೂ ಇಲ್ಲ. ಈ ಶಾಫ್ಟನ್ನು ಯಾಕೆ ಅಷ್ಟು ಮುತುವರ್ಜಿಯಿಂದ ನೋಡುತ್ತೇವೆ ಅಂದರೆ, 2012ರ ನವೆಂಬರ್‌ನಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 27.7 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು, ಎರಡನೆಯ ತಲೆಮಾರಿನ ಪ್ರಿಯಸ್ ಕೂಡ ಅದರಲ್ಲಿತ್ತು. ನಿಧಾನ ವೇಗದಲ್ಲಿ ಚಕ್ರವನ್ನು ಪದೇ ಪದೇ ಕೊನೆಯವರೆಗೆ ಜೋರಾಗಿ ತಿರುಗಿಸಿದರೆ ಆ ಶಾಫ್ಟಿನ ತುದಿಯ ಹಲ್ಲುಗಳು ಸವೆಯಬಹುದು ಅನ್ನುವುದು ಆಗಿನ ಕಾರಣ. ಹೈಬ್ರಿಡ್‌ಗಳಿಗೆ ಇನ್ವರ್ಟರನ್ನು (ದೊಡ್ಡ ಬ್ಯಾಟರಿಯ ಕರೆಂಟನ್ನು ಗಾಡಿ ಓಡಿಸುವ ಮೋಟರಿಗೆ ಹೊಂದಿಸುವ ಪೆಟ್ಟಿಗೆ) ತಂಪು ಮಾಡುವ ನೀರಿನ ಪಂಪ್ ಕೂಡ ಆ ಪಟ್ಟಿಯಲ್ಲಿತ್ತು. ನಮ್ಮ ಕಾರು ಬೇರೆ ಕಂಪನಿಯದ್ದು, ಆ ಪಟ್ಟಿಗೆ ಸೇರಿದ್ದಲ್ಲ. ಆದರೂ ಹಳೆಯ ಗಾಡಿಯ ಸ್ಟೀರಿಂಗಿಗೆ ಕೈ ಹಾಕುವ ಮೊದಲು ಚಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯೇ ಅಂತ ಕೇಳುವುದು ಒಳ್ಳೆಯದು. ಬಾಕಿ ಇದ್ದರೆ ಆ ಕೆಲಸ ಕಂಪನಿಯೇ ಮಾಡಿಕೊಡುತ್ತದೆ.

ಬಿಸಿ ಮಾಡಿ ನೋಡಿದ್ದು

ಕಾರು ರಾತ್ರಿಯಿಡೀ ಒಳಗೆ ನಿಂತಿತ್ತು. ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಮುಂದಿನ ಚಕ್ರಗಳು ಗಾಳಿಯಲ್ಲಿ. ಗೇರ್ ಪಾರ್ಕಿಂಗ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ರೆಡಿ. ಹೈಬ್ರಿಡ್ ಮೇಲೆ ಹೊಸದಾಗಿ ಕೆಲಸ ಮಾಡುವ ಹುಡುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕಾಗುತ್ತದೆ: ಸದ್ದಿಲ್ಲ ಅಂದರೆ ಆಫ್ ಆಗಿದೆ ಅಂತ ಅಲ್ಲ. ರೆಡಿಯಲ್ಲಿರುವ ಗಾಡಿಯ ಎಂಜಿನ್ ಯಾವ ಗಳಿಗೆಯಲ್ಲಾದರೂ ತಾನಾಗಿ ಓಡಬಹುದು, ಕೈ ಬೆಲ್ಟಿನ ಹತ್ತಿರ ಇರಬಾರದು.

ತಣ್ಣಗಿರುವಾಗ ಸ್ಕ್ಯಾನರಿನಲ್ಲಿ ಸೆನ್ಸರ್ ಒಂದು 2.50, ಸೆನ್ಸರ್ ಎರಡು 2.51. ಮೋಟರ್ ಕರೆಂಟ್ ಸೊನ್ನೆ. ಯಾರೂ ಚಕ್ರ ಮುಟ್ಟುತ್ತಿಲ್ಲ. ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ಕಾರು ತಂದುಕೊಟ್ಟ ತಕ್ಷಣ ನೋಡುವ ಗ್ಯಾರೇಜಿಗೆ ಇಂಥ ದೋಷ ಸಿಗದೇ ಹೋಗುವುದು ಹೀಗೇ.

ಡ್ಯಾಶ್‌ಬೋರ್ಡ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ, ಕಾಲಮ್‌ನ ಕೆಳತುದಿಯಲ್ಲಿ ಸೆನ್ಸರ್ ಇರುವ ಅಲ್ಯೂಮಿನಿಯಂ ಕವಚಕ್ಕೆ ತಾಪ ಅಳೆಯುವ ವೈರ್ ಅಂಟಿಸಿದೆವು. ಹೇರ್ ಡ್ರೈಯರ್‌ನಿಂದ ಅಲ್ಲಿಗೆ ಬಿಸಿ ಗಾಳಿ. ಹೀಟ್ ಗನ್ ಅಲ್ಲ. ಮೇಲೆ ಏರ್‌ಬ್ಯಾಗ್ ಇದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಇದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಆ ಜಾಗ ಎಷ್ಟು ಬಿಸಿಯಾಗುತ್ತದೋ ಅಷ್ಟೇ ಸಾಕು. ಮೋಟರಿನ ಬಿಸಿಯೂ ಅದೇ ಲೋಹಕ್ಕೆ ಸೇರುತ್ತದೆ ಅನ್ನುವುದನ್ನು ಮರೆಯಬಾರದು.

40 ಡಿಗ್ರಿಯವರೆಗೆ ಏನೂ ಆಗಲಿಲ್ಲ. 45ರ ಹತ್ತಿರ ಸೆನ್ಸರ್ ಒಂದು 2.53 ಆಯಿತು. ಸೆನ್ಸರ್ ಎರಡು ಕದಲಲಿಲ್ಲ. 50 ದಾಟಿದಾಗ ಒಂದನೆಯದು 2.58, ಮೋಟರ್ ಕರೆಂಟ್ ಇನ್ನೂ ಸೊನ್ನೆ. ಕಂಪ್ಯೂಟರ್ ಸುಮ್ಮನಿರುವ ಅಂತರದೊಳಗೇ ಇದೆ. 55ರಲ್ಲಿ 2.64. ಆಗ ಮೋಟರ್ ಕರೆಂಟ್ 2 ಆಂಪಿಯರ್ ತೋರಿಸಿತು, ದಿಕ್ಕು ಬಲ. ಒಂದು ಕ್ಷಣ ಚಕ್ರ ನಿಂತಲ್ಲೇ ಇತ್ತು. ಆಮೇಲೆ ಸ್ಟೀರಿಂಗಿನ ಮೇಲಿನ ಕಂಪನಿಯ ಲಾಂಛನ ಒಂದು ಕಡೆಗೆ ವಾಲತೊಡಗಿತು. ಯಾರ ಕೈಯೂ ಇಲ್ಲ. ಚಕ್ರ ನಿಧಾನವಾಗಿ, ಒಂದೇ ವೇಗದಲ್ಲಿ ಬಲಕ್ಕೆ ಸುತ್ತುತ್ತಾ ಹೋಗಿ ಕೊನೆ ಮುಟ್ಟಿ ನಿಂತಿತು. ಪಕ್ಕದಲ್ಲಿ ನಿಂತಿದ್ದ ಮಾಲೀಕರು "ನೋಡಿ, ನೋಡಿ" ಅಂದರು. ಇಷ್ಟು ತಿಂಗಳು ಯಾರೂ ನಂಬದ ಮಾತು ಕಣ್ಣೆದುರು ನಡೆದರೆ ಯಾರಿಗಾದರೂ ಹಾಗೇ ಆಗುತ್ತದೆ.

ನೆಲದ ಮೇಲೆ ಇಷ್ಟು ಜೋರಾಗಿ ಆಗುವುದಿಲ್ಲ, ಯಾಕೆಂದರೆ ಓಡುವ ಗಾಡಿಯಲ್ಲಿ ಟೈರುಗಳೇ ಚಕ್ರವನ್ನು ನೇರಕ್ಕೆ ತರಲು ನೋಡುತ್ತವೆ. ಅವೆರಡರ ಹಗ್ಗಜಗ್ಗಾಟದ ಉಳಿಕೆ ಡ್ರೈವರಿನ ಕೈಗೆ ಸಿಗುತ್ತದೆ.

ಇನ್ನು ವೈರಿಂಗ್ ಅನುಮಾನ. ಡ್ರೈಯರ್ ಆರಿಸಿ, ಬಿಸಿ ಇರುವಾಗಲೇ ವೈರುಗಳ ಕಟ್ಟನ್ನು (ಹಾರ್ನೆಸ್) ಅಲುಗಾಡಿಸಿದೆವು, ಕನೆಕ್ಟರ್ ಒತ್ತಿದೆವು. ಅಂಕಿ ಹಾರಲಿಲ್ಲ. ಕಾಲಮ್ ತಣ್ಣಗಾಗುತ್ತಾ ಬಂದಂತೆ 2.64 ಮೆಲ್ಲಗೆ 2.50ಕ್ಕೆ ಇಳಿಯಿತು. ಸಡಿಲ ಪಿನ್ ಆಗಿದ್ದರೆ ಅಂಕಿ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ತಾಪದ ಜೊತೆ ಹೀಗೆ ನಯವಾಗಿ ಹತ್ತಿ ಇಳಿಯುವುದಿಲ್ಲ. ಕೊನೆಗೆ ಮತ್ತೆ ಬಿಸಿ ಮಾಡಿ, ಗಾಡಿ ಆಫ್ ಮಾಡಿ ಸ್ಟೀರಿಂಗ್ ಫ್ಯೂಸ್ ತೆಗೆದು, ಮತ್ತೆ ರೆಡಿ ಮಾಡಿದೆವು. ಚಕ್ರ ಅಲುಗಲಿಲ್ಲ. ಕೈಯಿಂದ ತಿರುಗಿಸಿದರೆ ಎಡ ಬಲ ಎರಡೂ ಒಂದೇ ಸಮ ಭಾರ. ಅಂದರೆ ಕೆಳಗಿನ ಲೋಹದ ಭಾಗಗಳದ್ದು ಏನೂ ತಪ್ಪಿಲ್ಲ. ಈ ಫ್ಯೂಸ್ ಪರೀಕ್ಷೆ ನಿಂತ ಗಾಡಿಗೆ ಮಾತ್ರ. ರಸ್ತೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ರಿಪೇರಿ ಆಗುವವರೆಗೆ ಕಾರು ಓಡಿಸಬಹುದೇ ಅಂತ ಮಾಲೀಕರು ಕೇಳಿದರು. ಬೇಡ ಅಂದೆವು. ದೀಪ ಹತ್ತಿ ಸಹಾಯ ಪೂರ್ತಿ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಆದರೂ ಚಕ್ರಕ್ಕೂ ರ್‍ಯಾಕ್‌ಗೂ ಲೋಹದ ಸಂಪರ್ಕ ಇದ್ದೇ ಇರುವುದರಿಂದ ಗಾಡಿ ತಿರುಗುತ್ತದೆ. ಇಲ್ಲಿನ ಭಯ ಅದಲ್ಲ. ಸಹಾಯ ನಿಲ್ಲದೆ ತಪ್ಪು ದಿಕ್ಕಿಗೆ ಸಿಗುತ್ತಿದೆ, ಕಂಪ್ಯೂಟರಿಗೆ ಅದು ತಪ್ಪು ಅಂತಲೂ ಎಷ್ಟೋ ಹೊತ್ತು ಗೊತ್ತಿಲ್ಲ.

ಕಾಲಮ್ ಬದಲಿಸಿದ್ದು

ಹೊಸ ಕಾಲಮ್ ಆ ಮಾಡೆಲ್‌ಗೆ ಸುಲಭವಾಗಿ ಸಿಗುವಂತಿರಲಿಲ್ಲ. ಅಪಘಾತವಾಗಿ ಬಿಚ್ಚಿದ ಅದೇ ಮಾಡೆಲ್ ಕಾರಿನದ್ದು ಸಿಕ್ಕಿತು. ಹಿಂಭಾಗಕ್ಕೆ ಪೆಟ್ಟಾಗಿದ್ದ ಕಾರು, ಮುಂಭಾಗ ಸರಿಯಿತ್ತು. ಡಿಕ್ಕಿಯಲ್ಲಿ ಕುಸಿಯುವಂತೆ ಮಾಡಿರುವ ಭಾಗ ಕಾಲಮ್‌ನಲ್ಲಿ ಇರುವುದರಿಂದ ಎದುರಿನಿಂದ ಗುದ್ದಿದ ಗಾಡಿಯ ಕಾಲಮ್ ಎಷ್ಟು ಚೆನ್ನಾಗಿ ಕಂಡರೂ ಮುಟ್ಟಬಾರದು. ಹಳೆಯದರ ಜಾಗಕ್ಕೆ ಹಳೆಯದು ಹಾಕುವುದರಿಂದ ಒಂದು ನಿಯಮ ಮಾಡಿಕೊಂಡೆವು: ಗಾಡಿಗೆ ಕೂರಿಸುವ ಮೊದಲು ಅದಕ್ಕೂ ಹೇರ್ ಡ್ರೈಯರ್ ಪರೀಕ್ಷೆ. ಕನೆಕ್ಟರ್ ಜೋಡಿಸಿ, ಬೆಂಚಿನ ಮೇಲಿಟ್ಟು 60 ಡಿಗ್ರಿಯವರೆಗೆ ತಂದೆವು. ಎರಡೂ ಅಂಕಿ ಜೊತೆಯಾಗೇ ಇದ್ದವು.

ಬಿಚ್ಚುವ ಕೆಲಸದ ವಿವರ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಕಳಚಿ, ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಉಳಿದ ಕರೆಂಟ್ ಇಳಿಯಲು ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಸ್ಟೀರಿಂಗ್ ಚಕ್ರದ ಹಿಂದಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗಿಗೆ ಕರೆಂಟ್ ಒಯ್ಯುವ ಸುರುಳಿ ಪಟ್ಟಿ) ನಡುಮಧ್ಯದಲ್ಲಿರುವಂತೆ ಟೇಪ್ ಹಾಕಬೇಕು, ಇಲ್ಲದಿದ್ದರೆ ಚಕ್ರ ಪೂರ್ತಿ ತಿರುಗಿಸಿದ ದಿನ ಅದರ ಪಟ್ಟಿ ಕಿತ್ತುಹೋಗುತ್ತದೆ. ಶಾಫ್ಟಿನ ಹಲ್ಲುಗಳ ಮೇಲೆ ಬಿಳಿ ಗುರುತು ಹಾಕಿಕೊಂಡರೆ ಕೂರಿಸುವಾಗ ಪರದಾಟ ಇಲ್ಲ.

ಕೂರಿಸಿದ ಮೇಲಿನ ಕೆಲಸವನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಕಂಪ್ಯೂಟರಿಗೆ ಹೊಸ ಸೆನ್ಸರಿನ ಸೊನ್ನೆ ಯಾವುದು ಅಂತ ಕಲಿಸಬೇಕು. ಚಕ್ರ ನೇರ, ಗಾಡಿ ಸಮತಟ್ಟಾದ ನೆಲದ ಮೇಲೆ, ಯಾರೂ ಸ್ಟೀರಿಂಗ್ ಮುಟ್ಟಬಾರದು, ಬಾಗಿಲು ಧಡ್ ಅಂತ ಹಾಕಬಾರದು. ಸ್ಕ್ಯಾನರಿನಲ್ಲಿ ಸೊನ್ನೆ ಕಲಿಸುವ ಆಜ್ಞೆ ಕೊಟ್ಟು ಸುಮ್ನೆ ಕಾಯುವುದು. ಅದನ್ನು ಬಿಟ್ಟರೆ ಹೊಸ ಸೆನ್ಸರ್ ಹಾಕಿಯೂ ಹಳೆಯ ಎಳೆತವನ್ನು ಕೈಯಾರೆ ಉಳಿಸಿದ ಹಾಗೆ. ಜೊತೆಗೆ ಸ್ಟೀರಿಂಗ್ ಕೋನದ ಸೆನ್ಸರನ್ನೂ ಸೊನ್ನೆಗೆ ತಂದೆವು. ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ ಅದನ್ನೇ ನೆಚ್ಚಿಕೊಂಡಿರುತ್ತದೆ.

ಓಡಿಸಿ ನೋಡಿದರೆ, ನಿರೀಕ್ಷಿಸಿದಂತೆ, ಗಾಡಿ ಎಡಕ್ಕೆ! ಬಿಸಿಯಾದರೂ ಅಷ್ಟೇ, ತಣ್ಣಗಿದ್ದರೂ ಅಷ್ಟೇ, ಒಂದೇ ಸಮ ಎಡಕ್ಕೆ. ಅಲೈನ್‌ಮೆಂಟ್ ಚೀಟಿ ಓದಿರದಿದ್ದರೆ ಇಲ್ಲಿ ಎದೆ ಧಸಕ್ ಅನ್ನುತ್ತಿತ್ತು. ಆ ಬುದ್ಧಿವಂತರು ಕೊಟ್ಟಿದ್ದ ಓರೆ ಈಗ ಎದುರಾಳಿಯಿಲ್ಲದೆ ಉಳಿದಿತ್ತು. ಕ್ಯಾಂಬರ್ ಬೋಲ್ಟ್ ಸಡಿಲಿಸಿ ಎರಡೂ ಕಡೆ ಮೈನಸ್ 25 ಮಿನಿಟ್ ಹತ್ತಿರಕ್ಕೆ ತಂದು, ಟೋ ಹೊಂದಿಸಿದ ಮೇಲೆ ಎಡದ ವಾಲಾಟವೂ ಹೋಯಿತು. ಆಮೇಲೆ ಮಾಲೀಕರೇ ಸ್ಕ್ಯಾನರ್ ಜೋಡಿಸಿಕೊಂಡು ಬಿಸಿಲಲ್ಲಿ ದೂರ ಓಡಿಸಿ ಬಂದರು. ಮುಗಿದಾಗ ದಾಖಲಾಗಿದ್ದ ಅಂಕಿಗಳಲ್ಲಿ ಎರಡು ಔಟ್‌ಪುಟ್‌ಗಳ ನಡುವಿನ ವ್ಯತ್ಯಾಸ 0.02 ವೋಲ್ಟ್ ದಾಟಿರಲಿಲ್ಲ. ನಿಲ್ಲಿಸುವಾಗ ಎಡ, ಬಲ ಎರಡೂ ಹಗುರ.

ಬಿಚ್ಚಿದ ಕಾಲಮ್‌ನ ಸೆನ್ಸರ್ ಕವಚ ತೆಗೆದು ಭೂತಗನ್ನಡಿಯಲ್ಲಿ ನೋಡಿದೆವು. ಒಂದನೆಯ ಔಟ್‌ಪುಟ್‌ನ ಕಾಲು ಬೋರ್ಡಿಗೆ ಸೇರುವಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿರುಕಿನ ಉಂಗುರ ಇತ್ತು. ಬಹುಶಃ ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಆದದ್ದು. ಅದನ್ನು ಮತ್ತೆ ಬೆಸೆದು ಹಾಕಿದ್ದರೆ ಸಾಕಿತ್ತಲ್ವಾ, ಕಾಲಮ್ ಯಾಕೆ ಅಂತ ನಮ್ಮ ಹುಡುಗನೇ ಕೇಳಿದ. ರೇಡಿಯೋ ಆಗಿದ್ದರೆ ನಾನೇ ಬೆಸೆಯುತ್ತಿದ್ದೆ. ಕಂಡ ಬಿರುಕು ಒಂದು. ಅದೇ ಬೋರ್ಡಿನಲ್ಲಿ ಅಷ್ಟೇ ಹಳೆಯ ಬೆಸುಗೆಗಳು ಇನ್ನೂ ಇವೆ, ಅವು ಯಾವಾಗ ಬಿಡುತ್ತವೋ ಪರೀಕ್ಷಿಸಿ ಹೇಳುವ ದಾರಿ ನಮ್ಮ ಬೆಂಚಿನಲ್ಲಿಲ್ಲ. ಹಾಗಾದರೆ ಈಗ ಹಾಕಿರುವ ಕಾಲಮ್ ಕೂಡ ಹಳೆಯದೇ ಅಲ್ವಾ ಅಂದ. ಹೌದು. ಅದಕ್ಕೇ ಮುಂದಿನ ಸರ್ವಿಸ್ ಚೀಟಿಯಲ್ಲಿ ಆಯಿಲ್, ಫಿಲ್ಟರ್ ಜೊತೆಗೆ "ಬಿಸಿ ಇರುವಾಗ ಟಾರ್ಕ್ ಸೆನ್ಸರ್ ಅಂಕಿ ನೋಡುವುದು" ಅಂತ ಒಂದು ಸಾಲು ಸೇರಿಸಿ ಕೊಟ್ಟಿದ್ದೇವೆ.